ಗರ್ಭಿಣಿಯರೂ ಲಸಿಕೆಯೂ

ಗರ್ಭಿಣಿಗೆ ಲಸಿಕೆ ಹಾಕಿಸಬಹುದೆ, ಹಾಕಿಸಿದರೆ ಒಡಲೊಳಗಿನ ಕೂಸಿಗೆ ಕೇಡಾಗದೆ ಎಂಬ ಪ್ರಶ್ನೆಯು ಶಿವಮೊಗ್ಗೆಯ ಕೇರಿಗಳಲ್ಲಿಯೂ ಭದ್ರಾವತಿಯ ಕಾರ್ಮಿಕರ ವಸತಿಗಳಲ್ಲಿಯೂ ಇಂದಿಗೂ ಕೇಳಿಬರುವುದುಂಟು. ಇದನ್ನು ಅಜ್ಞಾನವೆಂದು ನಕ್ಕುಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಎರಡು ಜೀವಗಳ ಹೊಣೆ ಹೊತ್ತವಳು ಕೇಳದೆ ಇನ್ನಾರು ಕೇಳಬೇಕು?

ಈ ಸಂದೇಹಕ್ಕೆ ಅಧಿಕಾರಿವರ್ಗದವರೂ ಕೊಂಚಮಟ್ಟಿಗೆ ಕಾರಣರು. ೨೦೨೧ನೆಯ ಜನವರಿ ೧೬ರಂದು ಕೋವಿಡ್ ಲಸಿಕೆಯ ಕಾರ್ಯವು ಮೊದಲಾದಾಗ ಗರ್ಭಿಣಿಯರನ್ನು ಹೊರಗಿಡಲಾಗಿತ್ತು. ಏಪ್ರಿಲ್, ಮೇ ತಿಂಗಳುಗಳ ಎರಡನೆಯ ಅಲೆಯು ಮನೆಮನೆಯನ್ನೂ ನಡುಗಿಸಿದ ತರುವಾಯ, ಜುಲೈ ೨ರಂದು, ಅವರಿಗೂ ಅನುಮತಿ ದೊರೆಯಿತು. ನಿನ್ನೆ ಬೇಡವೆಂದವರು ಇಂದು ಬೇಕೆನ್ನುವರೇಕೆಂದು ಜನರು ಶಂಕಿಸಿದರೆ ಆಶ್ಚರ್ಯವೇನು? ಮೊದಲು ಬೇಡವೆಂದುದು ಕೇಡು ಕಂಡುದರಿಂದಲ್ಲ. ಆರಂಭದ ಪ್ರಯೋಗಗಳಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡಿರಲಿಲ್ಲವಾದುದರಿಂದ. ಆ ಬಳಿಕ ನಾನಾ ದೇಶಗಳಲ್ಲಿ ನಡೆದ ಪರಿಶೀಲನೆಗಳಲ್ಲಿ ಲಸಿಕೆಯಿಂದ ಗರ್ಭಪಾತವು ಹೆಚ್ಚಿತೆಂದು ಕಂಡುಬರಲಿಲ್ಲ. ಕಾಯಿಲೆಯಿಂದಲಾದರೋ ತಾಯಿಗೆ ಪ್ರಾಣಾಪಾಯವೂ ಅಕಾಲಪ್ರಸವವೂ ಹೆಚ್ಚೆಂಬುದು ಸ್ಥಿರಪಟ್ಟಿತು. ಈ ವಿವರವನ್ನು ಆಗಲೇ ತಿಳಿಗನ್ನಡದಲ್ಲಿ ಮನೆಮನೆಗೆ ಮುಟ್ಟಿಸಿದ್ದರೆ ಎಷ್ಟೋ ಭಯ ತಪ್ಪುತ್ತಿದ್ದಿತು.

ಗರ್ಭಿಣಿಯರಿಗೆ ಲಸಿಕೆಯು ಹೊಸ ಮಾತೂ ಅಲ್ಲ. ಧನುರ್ವಾಯುವಿನ ಚುಚ್ಚುಮದ್ದನ್ನು ನಮ್ಮ ತಾಯಂದಿರು ದಶಕಗಳಿಂದ ಪಡೆಯುತ್ತಿರುವರು. ೨೦೧೯ರಿಂದೀಚೆಗೆ ಅದರೊಡನೆ ಗಂಟಲಮಾರಿಯ ರಕ್ಷೆಯೂ ಕೂಡಿದೆ. ಗರ್ಭ ನಿಂತುದು ತಿಳಿದೊಡನೆ ಒಂದು, ನಾಲ್ಕು ವಾರಗಳ ಮೇಲೆ ಇನ್ನೊಂದು. ಹಿಂದಿನ ಮೂರು ವರ್ಷಗಳೊಳಗಿನ ಬಸಿರಿನಲ್ಲಿ ಎರಡನ್ನೂ ಪಡೆದಿದ್ದವರಿಗೆ ಒಂದೇ ಸಾಕು. ಇದರಲ್ಲಿ ಜೀವಂತ ರೋಗಾಣುವಿಲ್ಲ. ತಾಯಿಯ ರಕ್ತದಲ್ಲಿ ಹುಟ್ಟಿದ ರಕ್ಷಣಶಕ್ತಿಯು ಮಾಸುವಿನ ಮೂಲಕ ಕೂಸಿಗೂ ಸೇರುವುದು. ಹಿಂದೆ ಹೊಕ್ಕಳುಬಳ್ಳಿಯನ್ನು ಮಲಿನವಾದ ಕತ್ತಿಯಿಂದ ಕೊಯ್ದಾಗ, ಚೆನ್ನಾಗಿ ಹಾಲು ಕುಡಿಯುತ್ತಿದ್ದ ಮಗುವು ಕೆಲವೇ ದಿನಗಳಲ್ಲಿ ದವಡೆ ಬಿಗಿದು, ಮೈ ಸೆಟೆದು ಸಾಯುತ್ತಿದ್ದಿತು. ೨೦೧೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತದಲ್ಲಿ ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯುವು ನಿವಾರಣೆಯಾಯಿತೆಂದು ಒಪ್ಪಿತು. ಆದರೆ ಅದರ ಬೀಜವು ಮಣ್ಣಿನಲ್ಲಿ ಇದ್ದೇ ಇದೆ. ನಾವು ಮೈಮರೆತರೆ ಅದು ಮರಳಿ ಬರುವುದರಲ್ಲಿ ಸಂದೇಹವಿಲ್ಲ.

ಹಾಗೆಂದು ಎಲ್ಲ ಲಸಿಕೆಗಳೂ ಬಸುರಿಗೆ ಸಲ್ಲುವುವೆಂದು ನಾವು ಹೇಳುವುದಿಲ್ಲ. ದಡಾರ, ರುಬೆಲ್ಲಾ, ಸೀತಾಳೆ ಸಿಡುಬುಗಳ ಲಸಿಕೆಗಳಲ್ಲಿ ಬಲಗುಂದಿಸಿದ ಜೀವಂತ ರೋಗಾಣುಗಳಿರುವುದರಿಂದ ಅವುಗಳನ್ನು ಗರ್ಭ ಧರಿಸುವ ಮೊದಲು ಇಲ್ಲವೆ ಹೆರಿಗೆಯಾದ ಮೇಲೆ ಕೊಡತಕ್ಕುದು. ೧೯೫೭ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನಕಾಯಿಲೆಗೆ ಬಹುಕಾಲ ಕೊಡುತ್ತಿದ್ದ ಲಸಿಕೆಯು ಸಾಕಷ್ಟು ಫಲಕಾರಿಯಲ್ಲವೆಂದು ಕಂಡಾಗ ಅದನ್ನು ನಿಲ್ಲಿಸಲಾಯಿತು. ಪರೀಕ್ಷಿಸಿ ಕೊಳ್ಳುವುದು, ಪರೀಕ್ಷಿಸಿ ಬಿಡುವುದು, ಎರಡೂ ವೈದ್ಯಶಾಸ್ತ್ರದ ಧರ್ಮವೇ.

ಆದುದರಿಂದ ಮೆಗ್ಗಾನ್ ಆಸ್ಪತ್ರೆ, ಭದ್ರಾವತಿಯ ತಾಲ್ಲೂಕು ಆಸ್ಪತ್ರೆಗಳ ವೈದ್ಯರಲ್ಲಿ ನಮ್ಮ ಬಿನ್ನಹವಿಷ್ಟೆ: ತಾಯಿ ಕಾರ್ಡಿನಲ್ಲಿ ಗುರುತು ಹಾಕುವ ಮೊದಲು ಎರಡು ಮಾತು ಆಡಿರಿ. ಯಾವ ಮದ್ದು, ಏತಕ್ಕೆ, ತೋಳು ನೋಯುವುದೆ, ಜ್ವರ ಬಂದರೆ ಏನು ಮಾಡಬೇಕು ಎಂಬುದನ್ನು ತಿಳಿಸಿರಿ. ಗದರಿಸಿ ಚುಚ್ಚಿದ ಸೂಜಿಯು ರೋಗವನ್ನು ತಡೆಯಬಹುದು. ಮುಂದಿನ ಬಸಿರಿಗೆ ಅವಳು ನಿಮ್ಮ ಬಾಗಿಲಿಗೆ ಬಾರದಿರಬಹುದು.

ಓದುಬಲ್ಲ ಗೃಹಸ್ಥರಿಗೂ ಒಂದು ಮಾತು. ಸೊಸೆಯ ಸೀಮಂತಕ್ಕೆ ಮುಹೂರ್ತವನ್ನು ಕೇಳಿ ತಿಳಿದುಕೊಳ್ಳುವ ನಾವು ಅವಳ ಲಸಿಕೆಯ ದಿನವನ್ನು ಹೆಂಗಸರ ವಿಷಯವೆಂದು ಕೈಬಿಡುವುದು ಸಲ್ಲದು. ಬೀದಿಯ ವದಂತಿಯನ್ನು ಮನೆಯೊಳಕ್ಕೆ ತರುವವರು ಹೆಚ್ಚಾಗಿ ನಾವೇ. ಅದರ ಬದಲು ಅವಳೊಡನೆ ಆಸ್ಪತ್ರೆಗೆ ಹೋಗಿ, ನಮ್ಮ ಸಂದೇಹವನ್ನು ವೈದ್ಯರ ಮುಂದೆಯೇ ಕೇಳೋಣ. ಹುಟ್ಟಲಿರುವ ಕೂಸು ತಾನಾಗಿ ಕೇಳಲಾರದು. ಅದರ ಪರವಾಗಿ ಕೇಳುವ ಹೊಣೆ ನಮ್ಮದು.