ಸೊನ್ನೆಗೆ ವಾಪಸ್ ಬಂದ್ರೆ ಗಾಡಿ ಹೊಸದಾಗಲ್ಲ ಸ್ವಾಮಿ!

ಚನ್ನಪಟ್ಟಣದ ನಮ್ಮ ಮನೇಲಿ ಅಪ್ಪನ ಹಳೇ ಸ್ಕೂಟರ್ ಇತ್ತು. ಅದರ ಮೀಟರ್ ಒಂದಿನ 99999 ಮುಟ್ಟಿ, ಮತ್ತೆ 00000ಕ್ಕೆ ಬಂತು. "ಅಪ್ಪಾ, ಗಾಡಿ ಹೊಸದಾಯ್ತು" ಅಂದೆ. "ಇಂಜಿನ್ ಕೇಳು, ಅದು ಹೇಳ್ತದೆ ವಯಸ್ಸು" ಅಂದ್ರು. ಇಷ್ಟು ಸರಳ ವಿಷಯ ನಮ್ಮ ಸಾಫ್ಟ್‌ವೇರ್ ಮಂದಿಗೆ ಯಾಕೆ ತಲೆಗೆ ಹೋಗಲ್ಲ ಅನ್ನೋದೇ ನನ್ನ ತಕರಾರು.

ಯೂಸ್‌ನೆಟ್ ಗೊತ್ತಲ್ಲ? ವೆಬ್ಬಿಗಿಂತ ಹಳೇ ಸುದ್ದಿಗುಂಪುಗಳ ಜಾಲ. ಸೋಕ್.ಕಲ್ಚರ್.ಇಂಡಿಯನ್.ಕರ್ನಾಟಕ ಅಂತ ನಮ್ಮದೂ ಒಂದು ಗುಂಪಿತ್ತು. ಗುಂಪಿಗೆ ಬಂದ ಪ್ರತಿ ಬರಹಕ್ಕೂ ಸರ್ವರ್ ಒಂದು ಕ್ರಮಸಂಖ್ಯೆ ಕೊಡುತ್ತೆ. ಓದೋ ತಂತ್ರಾಂಶ, "5000ದವರೆಗೆ ಆಯ್ತು, ಮುಂದಿನದು ಕೊಡು" ಅಂತ ಕೇಳುತ್ತೆ. ದೊಡ್ಡ ಫೈಲುಗಳನ್ನು ಚೂರು ಮಾಡಿ ಸುರಿಯೋ ಗುಂಪುಗಳಲ್ಲಿ ಈ ಸಂಖ್ಯೆ ಕುದುರೆ ಓಟ ಓಡುತ್ತೆ. 2006ರ ಆರ್‌ಎಫ್‌ಸಿ 3977 ಇದಕ್ಕೆ ಹಾಕಿದ ಮಿತಿ 2,147,483,647. ಅಂದ್ರೆ ಪ್ಲಸ್-ಮೈನಸ್ ಎರಡೂ ಇರೋ 32 ಬಿಟ್ ಡಬ್ಬಿಯಲ್ಲಿ ಹಿಡಿಸೋ ಅತಿ ದೊಡ್ಡ ಸಂಖ್ಯೆ. ತಮಾಷೆ ನೋಡಿ, ಮುಂದೆ ಸೊನ್ನೆ ಸೇರಿಸಿಕೊಂಡು 16 ಅಂಕಿ ತನಕ ಬರೀಬಹುದು ಅಂತಲೂ ಅದೇ ನಿಯಮ ಹೇಳುತ್ತೆ! ಬರೆಯೋಕೆ 16 ಮನೆ, ಎಣಿಸೋಕೆ 10ಕ್ಕೇ ಬೀಗ :)

"ಬಿಡು ಮಗಾ, ತುಂಬಿದಾಗ ಒಂದರಿಂದ ಶುರು ಮಾಡಿದ್ರಾಯ್ತು" ಅನ್ನೋರಿದ್ದಾರೆ. ಮಾಡಿ ನೋಡಿ. ಓದುಗನ ತಂತ್ರಾಂಶಕ್ಕೆ 1, 2, 3 ಎಲ್ಲಾ ಎಂದೋ ಓದಿದ ಬರಹಗಳು. ಹೊಸದು ಬರ್ತಾನೇ ಇರುತ್ತೆ, ಅವನಿಗೆ ಕಾಣಲ್ಲ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ಗುಂಪು ಸತ್ತೋಯ್ತು ಅಂದ್ಕೊಂಡು ಎದ್ದು ಹೋಗ್ತಾನೆ.

64 ಬಿಟ್ಟಿಗೆ ಹೋದ್ರೆ ಹಳೇ ತಂತ್ರಾಂಶ ಮುರಿಯುತ್ತೆ ಅಂತೀರಾ? ನಿಜ, ಕೆಲವು ಮುರಿಯುತ್ತವೆ. ಆದ್ರೆ ಕಣ್ಣೆದುರು ಮುರಿದದ್ದನ್ನ ರಿಪೇರಿ ಮಾಡಬಹುದು. ಸದ್ದಿಲ್ಲದೆ ಕಳೆದುಹೋದದ್ದನ್ನ ಎಲ್ಲಿ ಹುಡುಕ್ತೀರಿ?

ನಮ್ಮೂರ ಮೇಲೆ ಹೋಗೋ ಚಾಮುಂಡಿ ಎಕ್ಸ್‌ಪ್ರೆಸ್ ನೋಡಿ. ನಾಲ್ಕಂಕಿ ಸಾಲದು ಅಂತ ರೈಲ್ವೆಯವರು 2010ರ ಡಿಸೆಂಬರ್ 20ರಿಂದ ಐದಂಕಿ ಮಾಡಿದ್ರು. 6215 ಇದ್ದದ್ದು 16215 ಆಯ್ತು. ರಾಮನಗರದ ಕೆಎ-42 ಗಾಡಿಗಳೂ ಅಷ್ಟೇ, 9999 ಆದ್ಮೇಲೆ ಹೊಸ ಅಕ್ಷರದ ಸರಣಿ. ಓಡ್ತಿರೋ ಗಾಡಿಯ ನಂಬರನ್ನೇ ಇನ್ನೊಂದಕ್ಕೆ ಅಂಟಿಸಲ್ಲ. ಕಂಪ್ಯೂಟರ್ ಸೈನ್ಸ್ ಓದಿದ ನಮಗೆ ಇದು ಕಷ್ಟವಾ?

ಎಣಿಕೆಗೆ ಜಾಗ ಹಿಗ್ಗಿಸಿ. ಬರಹದ ಗುರುತಿಗೆ ಮೆಸೇಜ್-ಐಡಿ ನಂಬಿ, ಅದು ಯಾವ ಸರ್ವರಿಗೆ ಹೋದ್ರೂ ಬದಲಾಗಲ್ಲ. ಸಂಖ್ಯೆ ಹಿಂದಕ್ಕೆ ಬಿದ್ರೆ ಓದುಗನಿಗೆ ಬಾಯ್ಬಿಟ್ಟು ಹೇಳಿ. ಇಷ್ಟೇ.

ಅಂದಹಾಗೆ, 1970ರಿಂದ ಸೆಕೆಂಡು ಎಣಿಸೋ ಹಳೇ 32 ಬಿಟ್ ಗಡಿಯಾರಗಳಿಗೂ ಇದೇ 2,147,483,647ಕ್ಕೇ ಕೊನೆ. ಆ ದಿನ 2038ರ ಜನವರಿ 19. ಆಗಲೂ "ಬಿಡು ಮಗಾ" ಅಂತೀವಾ?