81 ಓಟಿಗೆ ಹೋದ ಊರ ಹೆಸರು

"ಹೋದ ಊರಿಗೆ ಹೊಂದ್ಕೊಂಡು ಹೋಗ್ಬೇಕಪ್ಪ, ಇಲ್ಲಾಂದ್ರೆ ಯಾಕೆ ಬರ್ಬೇಕು?" ಕೆನಡಾದಲ್ಲಿ ನಾಲ್ಕು ಜನ ಕನ್ನಡದವರು ಊಟಕ್ಕೆ ಸೇರಿದರೆ ಬಿಸಿಬೇಳೆಬಾತಿನ ಜೊತೆ ಈ ಮಾತೂ ಗ್ಯಾರಂಟಿ. ಹಾಗೆ ಹೇಳೋರು ಒಂದ್ಸಲ ಆಂಟಾರಿಯೋದ ಕಿಚನರ್ ಊರಿನ ಕತೆ ಕೇಳಬೇಕು. ವಾಟರ್‌ಲೂ ಯೂನಿವರ್ಸಿಟಿಯ ಪಕ್ಕದ ಊರು ಅಂದ್ರೆ ನಮ್ಮ ಸಾಫ್ಟ್‌ವೇರ್ ಮಂದಿಗೆ ತಕ್ಷಣ ಗೊತ್ತಾಗುತ್ತೆ.

ಆ ಊರಿನ ಹಿಂದಿನ ಹೆಸರು ಬರ್ಲಿನ್. ನಮ್ಮ ಹಳ್ಳೀಲಿ ಬೇರೆ ಕಡೆಯಿಂದ ಬಂದು ನೆಲೆಸಿದವರ ಮನೆಗೆ ಅವರ ಹಳೇ ಊರಿನ ಹೆಸರೇ ಅಂಟಿಕೊಳ್ಳುತ್ತೆ. ಇದೂ ಹಾಗೇ. ಊರಲ್ಲಿ ಜರ್ಮನ್ ಮೂಲದವರೇ ಹೆಚ್ಚು, ಶಾಲೇಲೂ ಜರ್ಮನ್ ಪಾಠ ಇತ್ತು. ಫ್ಯಾಕ್ಟರಿಗಳು ಬೆಳೆದು, 1912ರಲ್ಲಿ ಸಿಟಿ ಅನ್ನಿಸಿಕೊಂಡಿತು.

1914ರಲ್ಲಿ ಯುದ್ಧ ಶುರುವಾಯ್ತು ನೋಡಿ, ತಲೆಮಾರುಗಳಿಂದ ಅಲ್ಲೇ ದುಡಿದವರು ರಾತ್ರೋರಾತ್ರಿ ಅನುಮಾನದ ಮನುಷ್ಯರಾದರು. ಪಾರ್ಕಿನಲ್ಲಿದ್ದ ಕೈಸರ್ ವಿಲ್ಹೆಲ್ಮನ ಪ್ರತಿಮೆಯನ್ನ ಕೆರೆಗೆಸೆದರು. 1916ರ ಫೆಬ್ರವರಿಯಲ್ಲಿ ಸೈನಿಕರು ಕಾಂಕಾರ್ಡಿಯಾ ಅನ್ನೋ ಜರ್ಮನ್ ಕ್ಲಬ್ಬಿಗೆ ನುಗ್ಗಿ ಧ್ವಂಸ ಮಾಡಿದರು. ಶಾಲೆಗಳಲ್ಲಿ ಜರ್ಮನ್ ನಿಂತಿತು. ಹೆಸರು ಬದಲಾಗೋದು ಬೇಡ ಅಂದವನು ದೇಶದ್ರೋಹಿ.

ಇಂಥ ಹೊತ್ತಲ್ಲಿ, ಆ ಮೇ ತಿಂಗಳಲ್ಲಿ ಓಟು ಹಾಕಿಸಿದರು. ಬದಲಾಗಲಿ ಅಂದವರು 1,569, ಬೇಡ ಅಂದವರು 1,488. ಬರೀ 81 ಓಟಿನ ಅಂತರ! ಹೊಸ ಹೆಸರು ಆರಿಸೋ ಓಟಿಗೆ ಬಂದವರೋ 892 ಜನ. ಗೆದ್ದ ಹೆಸರಿಗೆ ಬಿದ್ದದ್ದು 346. ಸೆಪ್ಟೆಂಬರ್ 1ಕ್ಕೆ ಊರು ಕಿಚನರ್ ಆಯ್ತು. ಯಾರೀ ಕಿಚನರ್? 1902ರಿಂದ 1909ರವರೆಗೆ ಭಾರತದಲ್ಲಿ ಬ್ರಿಟಿಷ್ ಸೇನೆಯ ಮುಖ್ಯಸ್ಥನಾಗಿದ್ದವನು. ಅದಕ್ಕೂ ಮುಂಚೆ ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಹೆಂಗಸರು, ಮಕ್ಕಳನ್ನ ಶಿಬಿರಗಳಿಗೆ ತುಂಬಿದ ಯುದ್ಧದ ಸೇನಾಪತಿ. ಆ ಜೂನ್‌ನಲ್ಲಷ್ಟೇ ಸಮುದ್ರದಲ್ಲಿ ಮುಳುಗಿ ಸತ್ತಿದ್ದ. ಆ ಊರಿಗೂ ಅವನಿಗೂ ಏನ್ರೀ ಸಂಬಂಧ?

"ನಾವೂ 2014ರಲ್ಲಿ ಬ್ಯಾಂಗಲೋರ್ ತೆಗೆದು ಬೆಂಗಳೂರು ಮಾಡಿಲ್ವಾ?" ಅಂತೀರಿ. ಮಾಡಿದ್ವಿ. ಆದ್ರೆ ಊರಿನವರ ಬಾಯಲ್ಲಿ ಮೊದಲಿಂದ ಇದ್ದ ಹೆಸರನ್ನ ಬೋರ್ಡಿಗೆ ತಂದ್ವಿ. ಅಲ್ಲಿ ಊರಿನವರ ಬಾಯಲ್ಲಿದ್ದದ್ದನ್ನೇ ಕಿತ್ತರು. ಎರಡನ್ನೂ ಒಂದೇ ತಕ್ಕಡೀಲಿ ತೂಗಬೇಡಿ.

ಈಗ ಅದೇ ಊರು 1969ರಿಂದ ಪ್ರತಿವರ್ಷ ಅಕ್ಟೋಬರ್‌ಫೆಸ್ಟ್ ಮಾಡುತ್ತೆ. ಬಿಯರು, ಬ್ಯಾಂಡು, ಜರ್ಮನ್ ದಿರಿಸು, ಎಲ್ಲ ಜೋರು. ಹಬ್ಬವಾಗಿ, ವ್ಯಾಪಾರವಾಗಿ ಜರ್ಮನ್‌ತನ ವಾಪಸ್ ಬಂತು. ಊರಿನ ಹೆಸರು ಬರಲಿಲ್ಲ, ಬೀದಿಯ ಮಾತಾಗಿದ್ದ ಭಾಷೆಯೂ ಬರಲಿಲ್ಲ.

ನನ್ನ ತಕರಾರು ಇಷ್ಟೇ. ಅಲ್ಲಿನ ಕಾನೂನು ಪಾಲಿಸಿ, ಟ್ಯಾಕ್ಸ್ ಕಟ್ಟಿ, ಪಕ್ಕದ ಮನೆಯವರ ಮುಂದಿನ ಹಿಮವನ್ನೂ ಬೇಕಾದ್ರೆ ಬಾಚಿಕೊಡಿ. ಆದರೆ ಹೊಂದ್ಕೊಳ್ಳೋದು ಬೇರೆ, ಹೆದರಿ ಅಳಿಸ್ಕೊಳ್ಳೋದು ಬೇರೆ. ಮುಂದಿನ ಸಲ ಯಾರಾದ್ರೂ ಹೊಸದಾಗಿ ಬಂದ ಪಂಜಾಬಿ ಹುಡುಗನಿಗೋ ಸಿರಿಯಾದವನಿಗೋ "ಇವ್ರು ಹೊಂದ್ಕೊಳ್ಳಲ್ಲ" ಅಂದ್ರೆ ತಲೆಯಾಡಿಸಬೇಡಿ. ಎಷ್ಟು ಬಿಟ್ಟುಕೊಟ್ರೆ ಸಾಕು ಅಂತ ಕೇಳಿ. ಬರ್ಲಿನ್‌ನವರು ಊರ ಹೆಸರನ್ನೇ ಕೊಟ್ಟಿದ್ರು.