ಆ 'ಗೈಸ್'ನಲ್ಲಿ ನಾವಿಲ್ಲ

ಇಂಗ್ಲಿಷಿನಂತಹ ಸಿರಿವಂತ ಭಾಷೆಗೂ ಒಂದು ಬಡತನವಿದೆ. ಎದುರಿಗೆ ಒಬ್ಬರಿದ್ದರೂ 'ಯು', ಹತ್ತು ಮಂದಿಯಿದ್ದರೂ 'ಯು'. ನಾಳೆ ಊಟಕ್ಕೆ 'ಯು' ಬರಬೇಕು ಎಂದು ಯಾರಾದರೂ ಕರೆದರೆ, ಕರೆದದ್ದು ನನ್ನೊಬ್ಬಳನ್ನೋ, ಗಂಡ ಮಕ್ಕಳ ಸಮೇತ ಎಲ್ಲರನ್ನೋ ಎಂಬುದನ್ನು ಆ ಪದ ಹೇಳುವುದಿಲ್ಲ. ಎಷ್ಟು ಎಲೆ ಹಾಕಬೇಕೆಂದು ಗೊತ್ತಾಗದ ಭಾಷೆ ಅದು! ನಮ್ಮ 'ನೀವು' ಕೂಡ ಗೌರವಕ್ಕಾಗಿ ಒಬ್ಬರಿಗೇ ಸಲ್ಲುತ್ತದೆ, ನಿಜ. ಆದರೆ ಸಂಶಯ ಬಂದಲ್ಲಿ ನಮ್ಮ ಅಜ್ಜಿಯಂದಿರು ಥಟ್ಟನೆ 'ನೀವೆಲ್ಲ' ಎಂದುಬಿಡುತ್ತಿದ್ದರು. 'ನೀವೆಲ್ಲ ಬನ್ನಿ' ಎಂದ ಮೇಲೆ ತಕರಾರಿಲ್ಲ. ಮನೆಗೆ ಬೀಗ ಹಾಕಿಕೊಂಡೇ ಹೊರಡಬಹುದು.

ಇಂಗ್ಲಿಷಿಗೆ ಈ ಬಡತನ ಹುಟ್ಟಿನಿಂದ ಬಂದದ್ದಲ್ಲ. ಹಿಂದೆ ಅಲ್ಲಿಯೂ ಒಬ್ಬರಿಗೆ 'ದೌ', ಹಲವರಿಗೆ 'ಯೀ' ಎಂದು ಬೇರೆ ಬೇರೆ ಪದಗಳಿದ್ದವು. 1611ರಲ್ಲಿ ಹೊರಬಂದ ಇಂಗ್ಲಿಷ್ ಬೈಬಲಿನಲ್ಲಿ ಆ ಭೇದ ಇನ್ನೂ ಹಾಗೆಯೇ ಇದೆ. ಮಧ್ಯಯುಗದಲ್ಲಿ ಫ್ರೆಂಚರನ್ನು ನೋಡಿ ಇವರೂ ದೊಡ್ಡವರನ್ನು ಬಹುವಚನದಲ್ಲಿ ಕರೆಯುವುದನ್ನು ಕಲಿತರು. ಆಮೇಲೆ ಏಕವಚನವೆಂದರೆ ಅವಮಾನವೆಂಬಷ್ಟಾಯಿತು. 1603ರಲ್ಲಿ ಸರ್ ವಾಲ್ಟರ್ ರಾಲೀ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಸರಕಾರದ ವಕೀಲ ಎಡ್ವರ್ಡ್ ಕೋಕ್ ಬೇಕೆಂದೇ ಅವನನ್ನು ಏಕವಚನದಲ್ಲಿ ಹಳಿದ. ಅದೇ ಶತಮಾನದ ನಡುವಿನಲ್ಲಿ ಕ್ವೇಕರ್ ಪಂಥದವರು ದೇವರ ಮುಂದೆ ಎಲ್ಲರೂ ಒಂದೇ ಎಂದು ನ್ಯಾಯಾಧೀಶರನ್ನೂ ಶ್ರೀಮಂತರನ್ನೂ 'ದೌ' ಎಂದೇ ಕರೆದು ಜನರ ಕೋಪಕ್ಕೆ ಗುರಿಯಾದರು. ಬರಬರುತ್ತಾ ಎಲ್ಲರೂ ಎಲ್ಲರಿಗೂ ಮರ್ಯಾದೆ ಕೊಟ್ಟು ಕೊಟ್ಟು, ಸಭ್ಯರ ಇಂಗ್ಲಿಷಿನಿಂದ 'ನೀನು' ಮಾಯವೇ ಆಯಿತು. ಉಳಿದದ್ದು ಗೊಂದಲದ 'ಯು' ಒಂದೇ.

ಈ ಗೊಂದಲವನ್ನು ಸರಿಪಡಿಸಲು ಯಾವ ಪಂಡಿತನೂ ಬರಲಿಲ್ಲ. ಸರಿಪಡಿಸಿದವರು ಅಡುಗೆಮನೆಯಲ್ಲಿ, ಹೊಲದಲ್ಲಿ, ಬಂದರಿನಲ್ಲಿ ದುಡಿಯುತ್ತಿದ್ದ ಸಾಮಾನ್ಯ ಜನ. ಐದಾರು ಮಕ್ಕಳನ್ನು ಒಟ್ಟಿಗೆ ಊಟಕ್ಕೆ ಕೂಗಬೇಕಾದ ತಾಯಿಗೆ ಇಂತಹ ಪದ ಬೇಕೇ ಬೇಕು. ಅಮೆರಿಕದ ದಕ್ಷಿಣದವರು 'ಯು' ಜೊತೆ 'ಆಲ್' ಸೇರಿಸಿ 'ಯಾಲ್' ಮಾಡಿಕೊಂಡರು. ನಮ್ಮ ಅಜ್ಜಿಯ 'ನೀವೆಲ್ಲ'ದ ತದ್ರೂಪವಲ್ಲವೆ ಇದು? ಐರಿಷ್ ಭಾಷೆಯಲ್ಲಿ ನೀನು, ನೀವು ಎರಡೂ ಇವೆ. ಆ ಭಾಷೆಯಿಂದ ಇಂಗ್ಲಿಷಿಗೆ ಬಂದವರಿಗೆ ಒಂದೇ 'ಯು' ಸಾಲದೆ ಹೋಯಿತು. ಕೆಲವರು ಹಳೆಯ 'ಯೀ' ಉಳಿಸಿಕೊಂಡರು, ಕೆಲವರು 'ಯು'ಗೆ ಬಹುವಚನದ ಬಾಲ ಹಚ್ಚಿ 'ಯೂಸ್' ಎಂದರು. ಆ 'ಯೂಸ್' ಇಂದು ಲಿವರ್‌ಪೂಲ್, ಗ್ಲಾಸ್ಗೋ, ನ್ಯೂಯಾರ್ಕ್, ಆಸ್ಟ್ರೇಲಿಯಾಗಳಲ್ಲಿ ಕೇಳುತ್ತದೆ. ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ 'ಯಿನ್ಜ್' ಎನ್ನುತ್ತಾರೆ. ಆ ಊರಿನವರಿಗೆ 'ಯಿನ್ಜರ್' ಎಂಬ ಅಡ್ಡಹೆಸರೇ ಬಂದಿದೆ. ಇಂಗ್ಲೆಂಡಿನ ನಾರ್ಫೋಕ್ ಕಡೆಯ ಹಳ್ಳಿಗರಂತೂ ಗುಂಪನ್ನು 'ಟುಗೆದರ್' ಎಂದೇ ಕರೆಯುವ ರೂಢಿಯಿತ್ತು. ಪಶ್ಚಿಮ ಆಫ್ರಿಕದಿಂದ ಗುಲಾಮರಾಗಿ ಹಡಗೇರಿದವರು ತಮ್ಮ ಇಗ್ಬೊ ಭಾಷೆಯ 'ಉನು' ಪದವನ್ನು ಜಮೈಕಾಕ್ಕೆ ಕೊಂಡೊಯ್ದರು. ಮನೆ, ಊರು, ಹೆಸರು ಎಲ್ಲ ಕಳೆದುಕೊಂಡವರು ಎಲ್ಲರನ್ನೂ ಒಟ್ಟಿಗೆ ಕರೆಯುವ ಈ ಒಂದು ಪದವನ್ನು ಮಾತ್ರ ಬಿಡಲಿಲ್ಲ.

ಇವಕ್ಕೆ ಸಿಕ್ಕ ಬಹುಮಾನವೇನು? ಎಲ್ಲವೂ ತಪ್ಪು ಇಂಗ್ಲಿಷ್ ಎನ್ನಿಸಿಕೊಂಡವು. ಹದಿನೆಂಟನೆಯ ಶತಮಾನದಲ್ಲಿ ಒಬ್ಬರಿಗೆ 'ಯು ವಾಸ್', ಹಲವರಿಗೆ 'ಯು ವರ್' ಎಂದು ಬಹಳ ಜನ, ಓದಿದವರೂ ಕೂಡ, ಜಾಣತನದಿಂದ ಭೇದ ಮಾಡಿಕೊಂಡಿದ್ದರು. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಅದನ್ನು ಘೋರ ತಪ್ಪೆಂದು ಸಾರಿದರು. ಶಾಲೆಯ ಮೇಷ್ಟರುಗಳ ಬೆತ್ತ 'ಯೂಸ್', 'ಯಾಲ್'ಗಳ ಮೇಲೂ ಬಿತ್ತು. ಒಂದು ಕೂಲಿಯವರ ಮಾತು, ಇನ್ನೊಂದು ಹಳ್ಳಿಗರ ಮಾತು, ಮತ್ತೊಂದು ಕಪ್ಪು ಜನರ ಮಾತು! ಇವುಗಳಲ್ಲಿ ಯಾವುದಕ್ಕೂ ಅರ್ಥದ ಕೊರತೆಯಿರಲಿಲ್ಲ. ಆಡಿದವರು ಬಡವರು ಎಂಬುದೊಂದೇ ಅವುಗಳ ಅಪರಾಧ.

ಇಷ್ಟೆಲ್ಲವನ್ನು ಹೊರಗಿಟ್ಟ ಸಭ್ಯರ ಪಡಸಾಲೆಗೆ ಕೊನೆಗೆ ಯಾವುದು ಬಂದು ಕೂತಿತು ಗೊತ್ತೆ? 'ಯು ಗೈಸ್'! ಅಮೆರಿಕದ ಉತ್ತರ ಮತ್ತು ಪಶ್ಚಿಮ ಭಾಗಗಳಲ್ಲಿ ಬೆಳೆದ ಮಾತು ಇದು. 2000ದ ದಶಕದ ಆರಂಭದಲ್ಲಿ ಭಾಷಾಶಾಸ್ತ್ರಜ್ಞ ಬರ್ಟ್ ವೋ ಅಮೆರಿಕದ ಉಪಭಾಷೆಗಳ ಬಗ್ಗೆ ನಡೆಸಿದ ಸಮೀಕ್ಷೆಯಲ್ಲಿ, ಗುಂಪನ್ನು ಕರೆಯಲು ಅತಿ ಹೆಚ್ಚು ಜನ ಆರಿಸಿಕೊಂಡದ್ದು ಇದನ್ನೇ. ಸಿನಿಮಾ, ಟಿ.ವಿ., ಕಂಪ್ಯೂಟರ್ ಕಂಪನಿಗಳ ಬೆನ್ನೇರಿ ಅದು ಲೋಕವೆಲ್ಲ ಸುತ್ತಿ ನಮ್ಮ ಬೆಂಗಳೂರಿಗೂ ಬಂದಿಳಿದಿದೆ.

ಇದರ ಮೂಲಪುರುಷ ಗೈ ಫಾಕ್ಸ್ ಎಂಬ ಗಂಡಸು. 1605ರ ನವೆಂಬರ್ 5ರಂದು ಇಂಗ್ಲೆಂಡಿನ ಪಾರ್ಲಿಮೆಂಟನ್ನು ದೊರೆಯ ಸಮೇತ ಸಿಡಿಸಲು ನೆಲಮಾಳಿಗೆಯಲ್ಲಿ ಮದ್ದಿನ ಪೀಪಾಯಿಗಳೊಂದಿಗೆ ಸಿಕ್ಕಿಬಿದ್ದವನು. ಮರುವರ್ಷ ಅವನಿಗೆ ಮರಣದಂಡನೆಯಾಯಿತು. ಪ್ರತಿ ವರ್ಷ ಆ ದಿನ ಸುಡುವ ಅವನ ಚಿಂದಿಬಟ್ಟೆಯ ಬೊಂಬೆಗೆ 'ಗೈ' ಎಂಬ ಹೆಸರು ಬಂತು. ಆಮೇಲೆ ವಿಕಾರವಾಗಿ ಬಟ್ಟೆ ಹಾಕಿದ ಗಂಡಸೆಲ್ಲ 'ಗೈ' ಆದ. ಅಮೆರಿಕದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಯಾವ ಗಂಡಸಾದರೂ 'ಗೈ' ಆದ. ಇಪ್ಪತ್ತನೆಯ ಶತಮಾನದಲ್ಲಿ ಬಹುವಚನದ ಸೆರಗಿನಲ್ಲಿ ಹೆಂಗಸರನ್ನೂ ಗಂಟು ಕಟ್ಟಿಕೊಂಡಿತು. ಸುಟ್ಟ ಬೊಂಬೆಯ ಹೆಸರಿನಲ್ಲಿ ನಮ್ಮ ಹೆಣ್ಣುಮಕ್ಕಳು ಹಾಜರಿ ಹೇಳಬೇಕಾಗಿದೆ.

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಳೆ. ಅವಳ ತಂಡದಲ್ಲಿ ಐದು ಹುಡುಗಿಯರು, ಒಬ್ಬ ಹುಡುಗ. ಮೇಲಿನ ಅಧಿಕಾರಿಯೂ ಹೆಂಗಸೇ. ಆಕೆ ಮಾತು ತೊಡಗುವುದು 'ಹಾಯ್ ಗೈಸ್' ಎಂದು. "ಅಲ್ಲ ಕಣೇ, ಅವರು ಕರೆದದ್ದು ಆ ಹುಡುಗನನ್ನು ಮಾತ್ರ ತಾನೆ?" ಎಂದೆ. "ಅಯ್ಯೋ ದೊಡ್ಡಮ್ಮಾ, ಅದರಲ್ಲಿ ನಾವೂ ಸೇರಿದ್ದೀವಿ" ಎಂದು ನಕ್ಕಳು.

ಸೇರಿದ್ದೀವಿ! ಈ ಮಾತೇ ನನ್ನನ್ನು ಕೆರಳಿಸುವುದು. ಸೇರಿಸಿದವರು ಯಾರು, ಸೇರಿದ್ದು ಯಾರ ಹೆಸರಿನೊಳಗೆ? 'ನಿನ್ನೆ ಒಬ್ಬ ಗೈ ಬಂದಿದ್ದ' ಎಂದರೆ ಯಾರ ಕಣ್ಣಿಗೂ ಸೀರೆಯುಟ್ಟವಳು ಕಾಣುವುದಿಲ್ಲ. ಒಬ್ಬಳೇ ಇದ್ದಾಗ ಅವಳು ಗೈ ಅಲ್ಲ. ಐವರು ಒಟ್ಟಾದೊಡನೆ ಗೈಗಳಾಗುತ್ತಾರೆ. ಇದು ಯಾವ ಲೆಕ್ಕ? ಬೇಕಾದರೆ ತಿರುವುಮುರುವು ಮಾಡಿ ನೋಡಿ. ಐವರು ಹುಡುಗರು, ಒಬ್ಬ ಹುಡುಗಿ ಇರುವ ಕೋಣೆಗೆ ಹೋಗಿ 'ಹಾಯ್ ಗರ್ಲ್ಸ್' ಎನ್ನಿ. 'ಅದರಲ್ಲಿ ನೀವೂ ಸೇರಿದ್ದೀರಪ್ಪ' ಎಂದು ಸಮಾಧಾನ ಹೇಳಿ. ಒಬ್ಬನಾದರೂ ಸುಮ್ಮನಿರುತ್ತಾನೆಯೆ? ಗಂಡಸಿನ ಹೆಸರು ಹಿಗ್ಗಿ ಹೆಂಗಸನ್ನು ಒಳಗೊಂಡರೆ ಅವಳಿಗೆ ಬಡ್ತಿ. ಹೆಂಗಸಿನ ಹೆಸರು ಹಿಗ್ಗಿ ಗಂಡಸನ್ನು ಒಳಗೊಂಡರೆ ಅವನಿಗೆ ಬೈಗುಳ. ಜಗಳವಿರುವುದು ಇಲ್ಲಿ.

'ಪದಗಳ ಅರ್ಥ ಬದಲಾಗುತ್ತದೆ, ಹೆಂಗಸರೇ ಅದನ್ನು ಆಡುತ್ತಾರೆ' ಎನ್ನುತ್ತಾರೆ. ಆಡುತ್ತಾರೆ, ಒಪ್ಪಿದೆ, ಆಡುವವರ ಮನಸ್ಸಿನಲ್ಲಿ ಕೆಟ್ಟದ್ದೂ ಇಲ್ಲ. ಆದರೆ ಅತ್ತೆಯರು ಕೂಡ ಸೊಸೆಯರಿಗೆ ಕಾಟ ಕೊಟ್ಟಿದ್ದಾರೆ. ಅಷ್ಟರಿಂದ ಅದು ಸರಿಯಾಯಿತೆ? 'ಇಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ರಂಪವೇ' ಎನ್ನುವವರೂ ಇದ್ದಾರೆ. ಅವರಿಗೆ ನನ್ನದೊಂದು ಪ್ರಶ್ನೆ. ಅಷ್ಟು ಸಣ್ಣದಾದರೆ 'ಯಾಲ್' ಅಂದವನನ್ನು ನೋಡಿ ಮೂಗು ಮುರಿದದ್ದೇಕೆ? ಬಡವರ ಪದ ಬಂದಾಗ ವ್ಯಾಕರಣ ದೊಡ್ಡದು, ಹೆಂಗಸರ ಮಾತು ಬಂದಾಗ ಎಲ್ಲವೂ ಸಣ್ಣದು. ದಿನಕ್ಕೆ ಇಪ್ಪತ್ತು ಸಲ ಕೇಳಬೇಕಾದ ಮಾತು ಸಣ್ಣದಲ್ಲ.

ಇದು ನನ್ನೊಬ್ಬಳ ಹುಚ್ಚೂ ಅಲ್ಲ. ಅಮೆರಿಕದ ದಕ್ಷಿಣದಲ್ಲಿ, ಜಾರ್ಜಿಯಾದಲ್ಲಿ ಹುಟ್ಟಿದ ಲೇಖಕಿ ಆಲಿಸ್ ವಾಕರ್, ಹೆಂಗಸರನ್ನು 'ಯು ಗೈಸ್' ಎನ್ನುವುದನ್ನು 1990ರ ದಶಕದಲ್ಲೇ ಪ್ರತಿಭಟಿಸಿ ಬರೆದರು. ಆಸ್ಟ್ರೇಲಿಯಾದ ಸೇನೆಯ ಮುಖ್ಯಸ್ಥರಾಗಿದ್ದ ಡೇವಿಡ್ ಮಾರಿಸನ್ 2016ರಲ್ಲಿ ಕಚೇರಿಗಳಲ್ಲಿ 'ಗೈಸ್' ಬೇಡವೆಂದಾಗ ಅವರನ್ನು ಗೇಲಿ ಮಾಡಿದವರಿಗೆ ಲೆಕ್ಕವಿಲ್ಲ. 2017ರಲ್ಲಿ ಲಂಡನ್ನಿನ ನೆಲದಡಿಯ ರೈಲುಗಳಲ್ಲಿ 'ಲೇಡೀಸ್ ಅಂಡ್ ಜೆಂಟಲ್‌ಮೆನ್' ಬದಲು 'ಎಲ್ಲರಿಗೂ ನಮಸ್ಕಾರ' ಎಂಬರ್ಥದ ಸರಳ ಮಾತನ್ನು ತಂದರು. ರೈಲುಗಳೇನೂ ಹಳಿ ತಪ್ಪಲಿಲ್ಲ!

ಗಂಡು ಹೆಣ್ಣಿನ ಭೇದವಿಲ್ಲದ ಪದವೆಲ್ಲ ಒಳ್ಳೆಯದು ಎಂದೂ ನಾನು ಹೇಳುತ್ತಿಲ್ಲ. ನಮ್ಮಲ್ಲಿ ಸಹಜವಾಗಿ 'ಯು ಪೀಪಲ್' ಎನ್ನುತ್ತೇವೆ, ಅದರಲ್ಲಿ ನಮಗೆ ತಪ್ಪೇ ಕಾಣುವುದಿಲ್ಲ. ಅಮೆರಿಕದಲ್ಲಿ ಅದು 'ನಿಮ್ಮ ಜಾತಿಯವರು' ಎಂದಂತೆ ಚುಚ್ಚುತ್ತದೆ. 1992ರಲ್ಲಿ ಅಧ್ಯಕ್ಷ ಪದವಿಗೆ ಸ್ಪರ್ಧೆಗಿಳಿಯಲು ಹೊರಟಿದ್ದ ರಾಸ್ ಪೆರೋ, ಆಫ್ರಿಕನ್ ಅಮೆರಿಕನ್ನರ ಹಕ್ಕಿಗಾಗಿ ದುಡಿಯುವ ಸಂಘದ ಸಭೆಯಲ್ಲಿ ಹಾಗೆಂದು ಎಷ್ಟು ಬೈಸಿಕೊಂಡರು! ಮಕ್ಕಳ ಬಾಣಂತನಕ್ಕೆಂದು ಅಲ್ಲಿಗೆ ಹೋಗುವ ತಾಯಂದಿರು ಇದನ್ನು ನೆನಪಿಟ್ಟುಕೊಳ್ಳುವುದು ಒಳಿತು. ಗುಂಪನ್ನು ಕರೆಯುವ ಪದ ಎದುರಿಗಿರುವವರಲ್ಲಿ ಯಾರನ್ನೂ ಹೊರಗೆ ನಿಲ್ಲಿಸಬಾರದು, ಅಷ್ಟೆ.

ಆ ಪರೀಕ್ಷೆಯಲ್ಲಿ ಕನ್ನಡ ಗೆಲ್ಲುತ್ತದೆ. ಬಂದನು, ಬಂದಳು ಎಂದು ಬೇರೆ ಬೇರೆ ಹೇಳಿದರೂ, ಹಲವರಾದಾಗ ಗಂಡಿಗೂ ಹೆಣ್ಣಿಗೂ ಒಂದೇ 'ಬಂದರು'. ನಮ್ಮ 'ಅವರು', 'ನೀವು'ಗಳಲ್ಲಿ ಯಾರೂ ಯಾರ ನೆರಳಿನಲ್ಲೂ ನಿಲ್ಲಬೇಕಿಲ್ಲ. ಹಾಗೆಂದು ನಾವೇನು ಸುಬ್ಬಮ್ಮಗಳಲ್ಲ. ಹೆಂಗಸರು ತುಂಬಿದ ಜಗಲಿಯ ಮುಂದೆ ನಿಂತು 'ಬನ್ರಪ್ಪಾ ಊಟಕ್ಕೆ' ಎನ್ನುವ ಯಜಮಾನರು ನಮ್ಮಲ್ಲೂ ಇದ್ದಾರೆ. ಅವರಿಗೂ ಹೇಳಬೇಕು. ಆದರೆ ಹುಡುಕಿಕೊಂಡು ಹೋಗಿ ಇನ್ನೊಬ್ಬರ 'ಗೈಸ್' ತಂದು ತಲೆಯ ಮೇಲೆ ಹೊತ್ತುಕೊಳ್ಳುವ ಕರ್ಮ ನಮಗೇಕೆ?

ನಮ್ಮ ಹೆಣ್ಣುಮಕ್ಕಳು ಇಂಗ್ಲಿಷ್ ಕಲಿಯಲಿ, ಚೆನ್ನಾಗಿ ಕಲಿಯಲಿ. ಅನ್ನದ ಭಾಷೆ ಅದು. ತಂಡವನ್ನು ಕರೆಯಬೇಕಾದಾಗ 'ಎವ್ರಿಒನ್' ಎನ್ನಲಿ, 'ಆಲ್ ಆಫ್ ಯು' ಎನ್ನಲಿ, ಧೈರ್ಯವಿದ್ದರೆ 'ಯಾಲ್' ಎನ್ನಲಿ. ಕೇಳಿದವರು ನಕ್ಕರೆ, ಇದು ನಮ್ಮ ಅಜ್ಜಿಯ 'ನೀವೆಲ್ಲ' ಎಂದು ಹೇಳಲಿ. ಮುಂದಿನ ಸಲ ಯಾರಾದರೂ 'ಗೈಸ್' ಎಂದಾಗ ಹುಡುಗಿಯರು ಸ್ವಲ್ಪ ಹೊತ್ತು ಉತ್ತರ ಕೊಡದೆ ಸುಮ್ಮನೆ ಕೂತಿರಲಿ. ಕರೆದವರು "ಯಾಕೆ, ಕೇಳಿಸಲಿಲ್ಲವೆ?" ಎಂದಾರು. "ಕೇಳಿಸಿತು, ನಮ್ಮನ್ನಲ್ಲ ಅಂದುಕೊಂಡೆವು" ಎಂದರೆ ಸಾಕು.